ಬೆಂಕಿಯ ಬೆನ್ನಿಗೆ ಬಂದ ಹುಲ್ಲು

ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನೋ ಕುಮಾರವ್ಯಾಸನ ಭಾರತವನ್ನೋ ಓದಿದವರಿಗೆ ಖಾಂಡವ ದಹನದ ಪ್ರಸಂಗ ಅಪರಿಚಿತವಲ್ಲ. ಹಸಿದ ಅಗ್ನಿ, ಅವನಿಗೆ ಕಾವಲಾಗಿ ನಿಂತ ಕೃಷ್ಣಾರ್ಜುನರು, ಶರಪಂಜರದ ಮೇಲೆ ಬಿದ್ದು ವ್ಯರ್ಥವಾಗುವ ಇಂದ್ರನ ಮಳೆ, ಇವೆಲ್ಲ ನಮ್ಮ ಕವಿಗಳಿಗೆ ಉತ್ಸಾಹವನ್ನು ತಂದ ವಸ್ತುಗಳು. ವ್ಯಾಸಭಾರತದ ಪ್ರಕಾರ ಆ ಉರಿಯಿಂದ ಉಳಿದವರು ಬೆರಳೆಣಿಕೆಯಷ್ಟು ಮಂದಿ: ತಕ್ಷಕನ ಮಗ ಅಶ್ವಸೇನ, ಶಿಲ್ಪಿಯಾದ ಮಯ, ಶಾರ್ಙ್ಗಕ ಪಕ್ಷಿಯ ನಾಲ್ಕು ಮರಿಗಳು. ಸುಟ್ಟ ಕಾಡಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಮಯಸಭೆಯ ಕಥೆ. ಆದರೆ ಮರು ವರ್ಷದ ಮಳೆಗೆ ಆ ಬೂದಿಯ ಮೇಲೆ ಮೊದಲು ತಲೆಯೆತ್ತಿದ ಸಸ್ಯ ಯಾವುದು? ಈ ಪ್ರಶ್ನೆಯನ್ನು ಕವಿಗಳು ಕೇಳಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿರಲಿಲ್ಲ. ನೆಲದ ಇತಿಹಾಸವನ್ನು ತಿಳಿಯಬಯಸುವವರು ಮಾತ್ರ ಇದನ್ನು ಕೇಳದೆ ಇರುವಂತಿಲ್ಲ. ಏಕೆಂದರೆ ಒಂದು ಊರಿನ ಹಸುರು ಬದಲಾಗುವುದು ಬೆಂಕಿ ಉರಿಯುವ ದಿನದಲ್ಲಲ್ಲ, ಉರಿದ ಮೇಲಿನ ಮಳೆಗಾಲದಲ್ಲಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ನೆಲವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸಬಹುದು. ಬೈಂದೂರು ಮತ್ತು ಬ್ರಹ್ಮಾವರಗಳು 2018ರಲ್ಲಿ ಪ್ರತ್ಯೇಕ ತಾಲೂಕುಗಳಾದವು; ಆದರೆ ಭೂಮಿಯ ಲಕ್ಷಣದಲ್ಲಿ ಈ ಪ್ರದೇಶವೆಲ್ಲ ಒಂದೇ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ; ನಡುವೆ ಗದ್ದೆಗಳ ಬೈಲು, ಮುರಕಲ್ಲಿನ ಬೋಳುಗುಡ್ಡೆ, ಗುಡ್ಡೆಯ ಮಗ್ಗುಲಲ್ಲಿ ಹಾಡಿ. ಇಂಥ ನೆಲದಲ್ಲಿ ಬೆಂಕಿ ಹೊರಗಿನಿಂದ ಬಂದ ಶತ್ರುವಾಗಿರಲಿಲ್ಲ. ಅದು ಒಕ್ಕಲುತನದ ಆಳುಗಳಲ್ಲಿ ಒಂದು. ತರಗೆಲೆ, ಕಸಕಡ್ಡಿ, ಮಣ್ಣುಗಳನ್ನು ಪದರಪದರವಾಗಿ ಒಟ್ಟಿ ನಿಧಾನವಾಗಿ ಬೇಯಿಸಿ ಸುಡುಮಣ್ಣು ಮಾಡಿಕೊಳ್ಳುವುದು, ಗುಡ್ಡೆಯ ಒಣಹುಲ್ಲಿಗೆ ಕಿಚ್ಚಿಟ್ಟು ಹೊಸ ಚಿಗುರು ಬರಿಸುವುದು, ಘಟ್ಟದ ತಪ್ಪಲಿನಲ್ಲಿ ಕಾಡು ಕಡಿದು ಸುಟ್ಟು ಬೀಜ ಎರಚುವುದು, ಇವೆಲ್ಲ ಹಿಂದಿನವರಿಗೆ ಗೊತ್ತಿದ್ದ ಬೇಸಾಯದ ಕ್ರಮಗಳು.

ಇವುಗಳಲ್ಲಿ ಕೊನೆಯದಕ್ಕೆ ‘ಕುಮ್ರಿ’ ಎಂದು ಹೆಸರು. ಚಳಿಗಾಲದಲ್ಲಿ ಮರಗಿಡಗಳನ್ನು ಕಡಿದು ಬೀಳಿಸಿ ಬಿಸಿಲಿಗೆ ಒಣಗಲು ಬಿಟ್ಟು, ಮಳೆಗೆ ಮುನ್ನ ಸುಟ್ಟು, ಮೊದಲ ಮಳೆ ಬಿದ್ದೊಡನೆ ಆ ಬೂದಿಯಲ್ಲಿ ರಾಗಿಯನ್ನೋ ಬೇರೆ ಧಾನ್ಯವನ್ನೋ ಬಿತ್ತುತ್ತಿದ್ದರು. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ಹತ್ತು ಹನ್ನೆರಡು ವರ್ಷ ಮುಟ್ಟುವಂತಿರಲಿಲ್ಲ. ಟಿಪ್ಪುವಿನ ಪತನದ ತರುವಾಯ, 1801ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ವೃತ್ತಾಂತದಲ್ಲಿ ಇಂಥ ಬೇಸಾಯದ ಪ್ರಸ್ತಾಪವಿದೆ. ಮದರಾಸು ಆಧಿಪತ್ಯದ ಅರಣ್ಯಗಳ ಮೇಲ್ವಿಚಾರಕನಾಗಿ 1856ರಲ್ಲಿ ನೇಮಕಗೊಂಡ ಹ್ಯೂ ಕ್ಲೆಗ್‌ಹಾರ್ನ್ ಇದನ್ನು ಮರದ ಸಂಪತ್ತಿಗೆ ತಗುಲಿದ ದೊಡ್ಡ ಪಿಡುಗೆಂದು ಬಗೆದನು. ವರ್ಗದಾರರ ಕುಮ್ರಿ ಬೇರೆ, ಸರ್ಕಾರಿ ಕಾಡಿನ ಕುಮ್ರಿ ಬೇರೆ ಎಂದು ವಿಂಗಡಣೆಯಾಯಿತು. 1860ರಲ್ಲಿ ಸರ್ಕಾರಿ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮ್ರಿ ಮಾಡಕೂಡದೆಂಬ ಆಜ್ಞೆ ಹೊರಟಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿದುದರಿಂದ ಇಲ್ಲಿಯ ಕಾಡುಗಳು ಮುಂದೆ 1882ರ ಮದರಾಸು ಅರಣ್ಯ ಕಾಯಿದೆಗೆ ಒಳಪಟ್ಟವು. ಕಾಡಿಗೆ ಬೆಂಕಿ ಹಾಕುವುದು ಅಪರಾಧವಾಯಿತು.

ಕ್ಲೆಗ್‌ಹಾರ್ನನ ಪಕ್ಷ ಸರಿಯೋ ಕುಮ್ರಿ ಮಾಡುತ್ತಿದ್ದ ಗುಡ್ಡಗಾಡಿನ ಬಡವರ ಪಕ್ಷ ಸರಿಯೋ ಎಂಬ ವಾದ ಇಂದಿಗೂ ಮುಗಿದಿಲ್ಲ. ನಮ್ಮ ಪ್ರಸ್ತುತಕ್ಕೆ ಬೇಕಾದುದು ಬೇರೊಂದು ಸಂಗತಿ. ಅಂದು ಸುಟ್ಟು ಬಿಟ್ಟ ನೆಲದ ಅಂಚಿನಲ್ಲಿ ಕಾದು ನಿಂತಿದ್ದ ಸಸ್ಯಗಳು ಇದೇ ನೆಲದವು. ಬುಡದಿಂದ ಚಿಗುರುವ ಮರಗಳು, ಹಕ್ಕಿ ತಂದು ಹಾಕಿದ ಬೀಜಗಳು, ಬಿದಿರು, ಮುಳ್ಳುಪೊದೆ, ಸ್ಥಳೀಯವಾದ ಹುಲ್ಲುಗಳು ಒಂದರ ಹಿಂದೆ ಒಂದು ಸರದಿಯಿಂದ ಬಂದು ಜಾಗವನ್ನು ಮತ್ತೆ ಮುಚ್ಚುತ್ತಿದ್ದವು. ಮೊದಲಿನ ಹಿರಿಯ ಕಾಡೇ ಮರಳಿ ಬರುತ್ತಿತ್ತೆಂದು ಹೇಳಲಾಗದು. ಆದರೆ ಬಂದದ್ದು ಅದರ ದಾಯಾದಿಯಾದರೂ ಆಗಿರುತ್ತಿತ್ತು. ಬೆಂಕಿಗೂ ನೆಲಕ್ಕೂ ನಡುವೆ ಒಂದು ಬಗೆಯ ಒಡಂಬಡಿಕೆ ಇತ್ತೆನ್ನಬಹುದು.

ಗುಡ್ಡೆಯ ಹುಲ್ಲಿನ ವಿಷಯದಲ್ಲಿ ಆ ಒಡಂಬಡಿಕೆಯನ್ನು ಕಾಪಾಡಿದ್ದು ಕತ್ತಿ. ಮುಳಿಹುಲ್ಲಿನ ಮಾಡಿನ ಮನೆಗಳು ಈ ಸೀಮೆಯಲ್ಲಿ ಸಾಮಾನ್ಯವಾಗಿದ್ದ ಕಾಲವನ್ನು ಹಿರಿಯರು ಬಲ್ಲರು. ಮಳೆ ನಿಂತು ಹುಲ್ಲು ಹಣ್ಣಾದಾಗ ಗುಡ್ಡೆಗೆ ಹೋಗಿ ಕೊಯ್ದು, ಹೊರೆ ಕಟ್ಟಿ ತಂದು ಮಾಡಿಗೆ ಹೊದಿಸಬೇಕಾಗಿತ್ತು. ಉಳಿದುದನ್ನು ಗಂಟಿಗಳು ಮೇಯುತ್ತಿದ್ದವು. ದಕ್ಷಿಣ ಕನ್ನಡ ಜಿಲ್ಲೆಗೆ ವಿಶಿಷ್ಟವಾದ ‘ಕುಮ್ಕಿ’ ಎಂಬ ಹಕ್ಕಿನ ಪ್ರಕಾರ ವರ್ಗ ಭೂಮಿಯ ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗು, ಹುಲ್ಲು, ಸೌದೆಗಳನ್ನು ಒಕ್ಕಲು ತೆಗೆದುಕೊಳ್ಳಬಹುದಾಗಿತ್ತು. ಹೀಗೆ ಬೇಸಗೆ ಬರುವಷ್ಟರಲ್ಲಿ ಗುಡ್ಡೆಯ ಮೇಲೆ ಸುಡುವುದಕ್ಕೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಕಿಡಿ ಬಿದ್ದರೂ ಅದು ನೆಲದ ಮೇಲೆ ಹರಿದು ಆರಿಹೋಗುವ ಕಿಚ್ಚು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮುಂದಿನ ನೂರು ವರ್ಷಗಳಲ್ಲಿ ಹಂಚು ಹುಲ್ಲಿನ ಮಾಡನ್ನು ಮೆಲ್ಲನೆ ಕೆಳಗಿಳಿಸಿತು. ಅದರ ಮೇಲೆ ತಾರಸಿ ಬಂದಿತು. ವರ್ಷಕ್ಕೊಮ್ಮೆ ಮಾಡು ಹೊದಿಸುವ ಕಷ್ಟ, ದೀಪದ ಕಿಡಿ ಹಾರಿದರೆ ಮನೆಯೇ ಬೂದಿಯಾಗುವ ಭಯ, ಸೋರುವ ಮೂಲೆಗಳು, ಇವುಗಳಿಂದ ಬಿಡುಗಡೆ ದೊರೆತುದು ಸಣ್ಣ ಮಾತಲ್ಲ. ಅದನ್ನು ಹಳಹಳಿಸುವವನು ಹುಲ್ಲಿನ ಮನೆಯಲ್ಲಿ ಮಳೆಗಾಲ ಕಳೆದವನಾಗಿರಲಾರ. ಆದರೆ ಮನೆಯ ಮಾಡು ಬದಲಾದಾಗ ಗುಡ್ಡೆಯೂ ಬದಲಾಯಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊಯ್ಯುವವರಿಲ್ಲದ ಹುಲ್ಲು ನಿಂತಲ್ಲೇ ಒಣಗಿತು. ಟ್ರಾಕ್ಟರು, ಟಿಲ್ಲರುಗಳು ಬಂದು ಗಂಟಿಗಳು ಕಡಿಮೆಯಾದ ಮೇಲೆ ಮೇಯುವ ಬಾಯಿಗಳೂ ಕಡಿಮೆಯಾದವು. ರಾಸಾಯನಿಕ ಗೊಬ್ಬರ ಬಂದು ಸೊಪ್ಪು ತರಗುಗಳ ಬೇಡಿಕೆ ಇಳಿಯಿತು. ಸುಡಬಲ್ಲ ಪದಾರ್ಥ ಗುಡ್ಡೆಯ ಮೇಲೆ ವರ್ಷದಿಂದ ವರ್ಷಕ್ಕೆ ಸೇರತೊಡಗಿತು.

ಇದೇ ಕಾಲಾವಧಿಯಲ್ಲಿ ಹೊರನಾಡಿನ ಸಸ್ಯಗಳು ಒಳಗೆ ಬಂದವು. ಹೊರಗಿನಿಂದ ಬಂದುದೆಲ್ಲ ಕೆಡುಕೆಂಬ ಮಾತನ್ನು ಈ ಕರಾವಳಿಯಲ್ಲಿ ನಿಂತು ಆಡಲು ಸಾಧ್ಯವಿಲ್ಲ. 1569ರಲ್ಲಿ ಬಸರೂರನ್ನು ಹಿಡಿದ ಪೋರ್ತುಗೀಜರ ಜನಾಂಗವೇ ಬ್ರೆಜಿಲ್ಲಿನ ಗೇರನ್ನೂ ಅಮೆರಿಕದ ಮೆಣಸಿನಕಾಯಿ, ಅನಾನಸುಗಳನ್ನೂ ನಮ್ಮ ದೇಶಕ್ಕೆ ತಂದಿತು. ಗೇರುಬೀಜದ ಕಾರ್ಖಾನೆಗಳಿಂದ ಎಷ್ಟು ಕುಟುಂಬಗಳ ಒಲೆ ಉರಿದಿದೆಯೆಂಬುದು ಕುಂದಾಪುರದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅತಿಥಿಗಳಲ್ಲಿ ಎರಡು ಬಗೆ. ಕೆಲವರು ಕೊಟ್ಟ ಮಣೆಯ ಮೇಲೆ ಕುಳಿತುಕೊಳ್ಳುತ್ತಾರೆ. ಕೆಲವರು ಮನೆಯವರನ್ನೇ ಹೊರಗೆ ಹಾಕುತ್ತಾರೆ. ಎರಡನೆಯ ಬಗೆಯವರಿಗೆ ಬಾಗಿಲು ತೆರೆದುಕೊಡುವುದರಲ್ಲಿ ಬೆಂಕಿಯಷ್ಟು ಸಮರ್ಥವಾದ ದ್ವಾರಪಾಲಕ ಇನ್ನೊಬ್ಬನಿಲ್ಲ.

ನಮ್ಮಲ್ಲಿ ‘ಕಮ್ಯುನಿಸ್ಟ್ ಗಿಡ’ವೆಂದು ಕರೆಯುವ ಸಸ್ಯ ಅಂಥದು. ಇದು ಹುಲ್ಲಿನ ಜಾತಿಯದಲ್ಲ, ಸೇವಂತಿಗೆಯ ಬಳಗಕ್ಕೆ ಸೇರಿದ ಪೊದೆ. ಆದರೆ ನಡವಳಿಕೆಯಲ್ಲಿ ಹುಲ್ಲಿನ ಅಣ್ಣ. ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ಬಂದದ್ದು ಮುಂದೆ ಅಸ್ಸಾಮಿನಲ್ಲಿ ಹರಡಿ, ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಪಶ್ಚಿಮ ಘಟ್ಟವನ್ನು ಹಿಡಿಯಿತು. ಗಾಯಕ್ಕೆ ಇದರ ಎಲೆಯ ರಸ ಹಿಂಡುವವರಿದ್ದಾರೆ. ಹಟ್ಟಿಗೆ ಸೊಪ್ಪು ಹಾಕುವವರೂ ಇದ್ದಾರೆ. ಬೀಜ ಗಾಳಿಯಲ್ಲಿ ಹಾರುವಂಥದು, ಹತ್ತಿಯ ಎಳೆಯಷ್ಟು ಹಗುರ. ಚಳಿಗಾಲದಲ್ಲಿ ಹೂವಾಗಿ, ಬೇಸಗೆಯಲ್ಲಿ ಒಣಗಿ ನಿಲ್ಲುತ್ತದೆ; ಎಲೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಚೆನ್ನಾಗಿ ಉರಿಯುತ್ತದೆ. ಮೇಲಿನದೆಲ್ಲ ಸುಟ್ಟುಹೋದರೂ ಬುಡ ಸಾಯುವುದಿಲ್ಲ. ಮೊದಲ ಮಳೆಗೆ ಚಿಗುರುತ್ತದೆ. ಪಕ್ಕದಲ್ಲಿದ್ದ ಹೊನ್ನೆಯ ಸಸಿಯೋ ಸುರಗಿಯ ಸಸಿಯೋ ಸತ್ತಿರುವುದರಿಂದ ಅದಕ್ಕೆ ಬಿಸಿಲಿನ ಪಾಲು ಹೆಚ್ಚೇ ಸಿಗುತ್ತದೆ. ಅಂದರೆ ತಾನು ಉರಿದು ನೆರೆಯವರನ್ನು ಕೊಂದು, ಅವರ ಜಾಗದಲ್ಲಿ ತಾನು ಬೆಳೆದು, ಮತ್ತೊಂದು ಬೆಂಕಿಗೆ ತಾನೇ ಸೌದೆಯಾಗುತ್ತದೆ.

ಈ ಚಕ್ರದ ಅತ್ಯಂತ ಸ್ಪಷ್ಟವಾದ ರೂಪವನ್ನು ವಿಜ್ಞಾನಿಗಳು ಕಂಡುದು ಸಣ್ಣ ದ್ವೀಪಗಳಲ್ಲಿ, ಮುಖ್ಯವಾಗಿ ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ. ಯಾವ ಖಂಡದಿಂದಲೂ ಸಾವಿರಾರು ಮೈಲು ದೂರದಲ್ಲಿರುವ ಆ ದ್ವೀಪಗಳ ಸ್ವದೇಶೀ ಹೂಗಿಡಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲದವು. ಜ್ವಾಲಾಮುಖಿಯ ಅಕ್ಕಪಕ್ಕವನ್ನು ಬಿಟ್ಟರೆ ಅಲ್ಲಿಯ ಮರಗಳಿಗೆ ಬೆಂಕಿಯ ಪರಿಚಯ ಕಡಿಮೆ. ಅಲ್ಲಿಗೆ 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗಿನಿಂದ ಆಡುಗಳು ಇಳಿದವು. ಮುಂದೆ ದನಗಳು ಬಂದವು. ದನಗಳಿಗಾಗಿ ಆಫ್ರಿಕದ ಹುಲ್ಲುಗಳು ಬಂದವು. ಜ್ವಾಲಾಮುಖಿಗಳ ರಾಷ್ಟ್ರೀಯ ಉದ್ಯಾನದಲ್ಲಿ 1970ರ ದಶಕದಲ್ಲಿ ಕಾಡಿನ ರಕ್ಷಣೆಗೆಂದು ಆಡುಗಳನ್ನು ತೆಗೆದುಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಮೇಯುವ ಬಾಯಿ ಇಲ್ಲವಾದಾಗ ಮರಗಳ ಸಂದಿಯ ಬರಿಯ ನೆಲವನ್ನೆಲ್ಲ ಪರದೇಶದ ಹುಲ್ಲು ತುಂಬಿತು. ಹಿಂದೆ ಒಂದು ಪೊದೆಯಿಂದ ಇನ್ನೊಂದಕ್ಕೆ ದಾಟಲಾರದೆ ಸಾಯುತ್ತಿದ್ದ ಬೆಂಕಿಗೆ ಹಾಸು ಸಿಕ್ಕಿತು. ಹುಲ್ಲು ಬಂದ ಮೇಲೆ ಬೆಂಕಿಗಳ ಸಂಖ್ಯೆ ಮೂರು ಪಟ್ಟು, ಒಂದೊಂದು ಬೆಂಕಿಯ ವಿಸ್ತಾರ ಅರವತ್ತು ಪಟ್ಟು ಹೆಚ್ಚಾಯಿತೆಂದು ಅಲ್ಲಿಯ ಅಧ್ಯಯನಗಳು ಲೆಕ್ಕ ಹಾಕಿವೆ. ಕಾರ್ಲಾ ಡಿ’ಆಂಟೋನಿಯೊ ಮತ್ತು ಪೀಟರ್ ವಿಟೌಸೆಕ್ ಎಂಬ ವಿದ್ವಾಂಸರು 1992ರಲ್ಲಿ ಇಂಥ ನಿದರ್ಶನಗಳನ್ನೆಲ್ಲ ಕಲೆಹಾಕಿ ‘ಹುಲ್ಲು–ಬೆಂಕಿಯ ಚಕ್ರ’ ಎಂಬ ಸಿದ್ಧಾಂತವನ್ನು ಮಂಡಿಸಿದರು.

ಹುಲ್ಲು ಗೆಲ್ಲುವುದೇಕೆ? ಮರದ ಜೀವ ಮೇಲಿನ ಮೊಗ್ಗುಗಳಲ್ಲಿ, ತೊಗಟೆಯ ಒಳಗಿನ ತೆಳುವಾದ ಪದರದಲ್ಲಿ ಇರುತ್ತದೆ. ಹುಲ್ಲಿನ ಜೀವ ನೆಲದ ಮಟ್ಟದಲ್ಲಿ, ಬುಡದ ಗಂಟಿನಲ್ಲಿ ಅಡಗಿರುತ್ತದೆ. ಉರಿ ಮೇಲೆ ಹಾದುಹೋಗುತ್ತದೆ. ಮರ ಮತ್ತೆ ಹೂಬಿಟ್ಟು ಬೀಜವಾಗಲು ಅನೇಕ ವರ್ಷ ಬೇಕು, ಹುಲ್ಲಿಗೆ ಒಂದು ಮಳೆಗಾಲ ಸಾಕು. ಮರ ಹೋದಲ್ಲಿ ನೆರಳು ಹೋಗುತ್ತದೆ, ನೆಲದ ತೇವ ಬೇಗ ಆರುತ್ತದೆ, ಗಾಳಿಗೆ ತಡೆಯಿಲ್ಲದಾಗುತ್ತದೆ. ಹೀಗೆ ಮುಂದಿನ ಬೆಂಕಿಗೆ ಬೇಕಾದ ಏರ್ಪಾಡುಗಳೆಲ್ಲ ತಾವಾಗಿಯೇ ಆಗುತ್ತವೆ. ವಿಶಾಲವಾದ ಭೂಖಂಡದಲ್ಲಾದರೆ ಆಚೆಯ ಬೆಟ್ಟದಿಂದ ಹಕ್ಕಿ ಬೀಜ ತಂದೀತು. ಸಣ್ಣ ದ್ವೀಪದಲ್ಲಿ ಆಚೆಯ ಬೆಟ್ಟವಿಲ್ಲ, ಸುತ್ತ ನೀರು. ಅಲ್ಲಿ ಒಂದು ಜಾತಿಯ ಮರದ ಕೊನೆಯ ತೋಪು ಸುಟ್ಟರೆ ಆ ಜಾತಿಯೇ ಸುಟ್ಟಂತೆ.

2023ರ ಆಗಸ್ಟ್ 8ರಂದು ಅದೇ ಹವಾಯಿಯ ಮಾವುಯಿ ದ್ವೀಪದ ಲಹೈನಾ ಪಟ್ಟಣ ಸುಟ್ಟುಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ನೂರಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರು. ಹಿಂದೊಮ್ಮೆ ಹವಾಯಿ ರಾಜ್ಯದ ರಾಜಧಾನಿಯಾಗಿದ್ದ ಊರು ಅದು. ಅದರ ಸುತ್ತ ತಲೆಮಾರುಗಳ ಕಾಲ ನೀರು ಹಾಯಿಸಿ ಕಬ್ಬು ಬೆಳೆಯುತ್ತಿದ್ದರು. ಲಹೈನಾದ ಸಕ್ಕರೆ ಕಾರ್ಖಾನೆ 1999ರಲ್ಲಿ ಮುಚ್ಚಿತು; ಮಾವುಯಿ ದ್ವೀಪದ ಕೊನೆಯ ಸಕ್ಕರೆ ಕಾರ್ಖಾನೆ 2016ರಲ್ಲಿ. ಹಡಿಲು ಬಿದ್ದ ಕಬ್ಬಿನ ಗದ್ದೆಗಳನ್ನು ಆಳೆತ್ತರದ ಗಿನಿ ಹುಲ್ಲು ಮೊದಲಾದ ಆಫ್ರಿಕದ ಹುಲ್ಲುಗಳು ಆವರಿಸಿದ್ದವು. ದೂರದಲ್ಲಿ ಚಂಡಮಾರುತವೊಂದು ಹಾದುಹೋಗುತ್ತಿದ್ದ ದಿನದ ಬಿರುಗಾಳಿಯಲ್ಲಿ ಆ ಹುಲ್ಲೇ ಬೆಂಕಿಗೆ ಹಾದಿಯಾಯಿತು. ಈ ಗಿನಿ ಹುಲ್ಲು ನಮ್ಮ ಹೈನುಗಾರರು ಮೇವಿಗಾಗಿ ನೆಟ್ಟುಕೊಳ್ಳುವ ಹುಲ್ಲೇ. ನಿತ್ಯ ಕೊಯ್ಯುವವರ ಕೈಯಲ್ಲಿ ಅದು ಹಾಲಾಗುತ್ತದೆ. ಕೊಯ್ಯುವವರು ಹೋದ ಮೇಲೆ ಉರುವಲಾಗುತ್ತದೆ. ಲಹೈನಾದ ನಡುವೆ 1873ರಲ್ಲಿ ನೆಟ್ಟ ಒಂದು ಆಲದ ಮರವಿದೆ. ಸಸಿ ಭಾರತದಿಂದ ಹೋದದ್ದು. ಅದೂ ಸುಟ್ಟು ಕರಿಕಾಯಿತು; ಆದರೆ ಜನ ಅದಕ್ಕೆ ನೀರೆರೆದು ಉಪಚರಿಸಿದರು, ಮತ್ತೆ ಚಿಗುರಿತು. ಅದೂ ಪರದೇಶದ ಅತಿಥಿಯೇ.

ನಮ್ಮಲ್ಲಿಯೂ ದ್ವೀಪಗಳಿವೆ. ಪಂಚಗಂಗಾವಳಿಯ ನೀರಿನ ನಡುವೆ ಉಪ್ಪಿನಕುದ್ರು ಮೊದಲಾದ ಕುದ್ರುಗಳಿವೆ. ಆದರೆ ಕುದ್ರುವಿನ ಚರಿತ್ರೆ ಹವಾಯಿಯದಲ್ಲ. ಅಲ್ಲಿ ತೆಂಗಿನ ತೋಟ, ಗದ್ದೆ, ಮನೆಯಂಗಳಗಳಿದ್ದು, ನೆಲದ ಒಂದೊಂದು ಮೊಳಕ್ಕೂ ಮನುಷ್ಯನ ಕೈ ತಗುಲಿದೆ. ಒಣಸೋಗೆ ಒಲೆಗೆ ಹೋಗುತ್ತದೆ, ಹುಲ್ಲು ಹಟ್ಟಿಗೆ ಹೋಗುತ್ತದೆ. ಕೈ ತಗುಲುವವರೆಗೆ ಅಲ್ಲಿ ಬೆಂಕಿಯ ಭಯವಿಲ್ಲ. ನಿಜವಾಗಿ ಹವಾಯಿಗೆ ಹೋಲುವ ದ್ವೀಪಗಳು ನಮ್ಮಲ್ಲಿ ನೀರಿನ ನಡುವೆ ಇಲ್ಲ, ನೆಲದ ನಡುವೆ ಇವೆ. ಅವೇ ನಾಗಬನಗಳು, ದೇವರ ಹಾಡಿಗಳು.

ಗದ್ದೆಯ ಮೂಲೆಯಲ್ಲೋ ಗುಡ್ಡೆಯ ಬುಡದಲ್ಲೋ ಕೆಲವು ಸೆಂಟ್ಸು, ಹೆಚ್ಚೆಂದರೆ ಒಂದೆರಡು ಎಕರೆ ಜಾಗ. ಅದರಲ್ಲಿ ಸುರಗಿ, ಹೊನ್ನೆ, ಹಾಳೆ, ಕಾಸರಕ, ಬೆತ್ತ, ದಪ್ಪ ಬಳ್ಳಿಗಳು. ಕತ್ತಿ ಮುಟ್ಟಿಸಬಾರದೆಂಬ ಕಟ್ಟಳೆಯಿಂದ ಉಳಿದು ಬಂದ ಹಳೆಯ ಕಾಡಿನ ತುಣುಕುಗಳು ಇವು. ಒಂದು ಕಾಲಕ್ಕೆ ಇವುಗಳ ಸುತ್ತ ಹಾಡಿಯಿತ್ತು, ಹಾಡಿಯಾಚೆ ಕಾಡಿತ್ತು. ಈಗ ಸುತ್ತಲೂ ಇರುವುದು ಹಡಿಲು ಗದ್ದೆ, ಅಕೇಶಿಯದ ನೆಡುತೋಪು, ಕಮ್ಯುನಿಸ್ಟ್ ಗಿಡದ ಪೊದೆ. ಬನದ ಒಳಗಿನ ಕತ್ತಲೆಯನ್ನು ಬಿಸಿಲು ಬಯಸುವ ಈ ಪೊದೆ ಭೇದಿಸಲಾರದು. ಅದು ಅಂಚಿನಲ್ಲಿ ಕಾಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಯಾರೋ ಎಸೆದ ಬೀಡಿಯಿಂದಲೋ, ಹಕ್ಕಲು ಶುಚಿಮಾಡಲು ಹಾಕಿದ ಬೆಂಕಿಯಿಂದಲೋ ಪೊದೆ ಹತ್ತಿಕೊಂಡರೆ ಬನದ ಅಂಚಿನ ಒಂದು ಮಾರು ಅಗಲದ ಸಸಿಗಳು ಬೇಯುತ್ತವೆ. ದೊಡ್ಡ ಮರಗಳಿಗೆ ಏನೂ ಆಗಿಲ್ಲವೆಂದು ಊರವರು ಸಮಾಧಾನಪಡುತ್ತಾರೆ. ಮಳೆ ಬಂದಾಗ ಆ ಒಂದು ಮಾರು ಜಾಗ ಪೊದೆಯ ಪಾಲಾಗಿರುತ್ತದೆ. ಮುಂದಿನ ಬೆಂಕಿಗೆ ಇನ್ನೊಂದು ಮಾರು. ನೂರು ಎಕರೆಯ ಕಾಡಿಗೆ ಒಂದು ಮಾರು ಲೆಕ್ಕಕ್ಕಿಲ್ಲ. ಹತ್ತು ಸೆಂಟ್ಸಿನ ಬನಕ್ಕೆ ಅದು ಆಯುಷ್ಯದ ಪಾಲು. ಹಿರಿಯ ಮರಗಳು ನಿಂತಿರುವವರೆಗೆ ಬನ ಬದುಕಿರುವಂತೆ ತೋರುತ್ತದೆ. ಅವುಗಳ ಬುಡದಲ್ಲಿ ಮಕ್ಕಳಿಲ್ಲವೆಂಬುದು ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಒಂದು ದಿನ, ಮರಗಳು ಹೇಗೂ ಮುದಿಯಾದವೆಂದು ಎಲ್ಲವನ್ನೂ ತೆಗೆದು, ನಾಗನಿಗೆ ಸಿಮೆಂಟಿನ ಕಟ್ಟೆ ಕಟ್ಟಿ ಕೈಮುಗಿಯುತ್ತಾರೆ. ಖಾಂಡವದಿಂದ ತಪ್ಪಿಸಿಕೊಂಡ ಅಶ್ವಸೇನನ ಸಂತತಿಗೆ ಉಳಿದಿದ್ದ ನೆಲೆ ಹೀಗೆ ಸದ್ದಿಲ್ಲದೆ ಹೋಗುತ್ತದೆ.

ಹಾಗಾದರೆ ಬೆಂಕಿಯನ್ನು ಸಂಪೂರ್ಣವಾಗಿ ಬಹಿಷ್ಕರಿಸುವುದೇ ಪರಿಹಾರವೇ? ಕರ್ನಾಟಕದ ಇನ್ನೊಂದು ಮೂಲೆಯ ಅನುಭವ ಹಾಗೆ ಹೇಳುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಆರಂಭದಲ್ಲಿಯೇ ‘ತರಗು ಬೆಂಕಿ’ಯನ್ನು ಹಾಕಿ ನೆಲದ ಒಣಎಲೆಗಳನ್ನು ಮಾತ್ರ ಸುಡುತ್ತಿದ್ದರು. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಗಿ ಬೆಂಕಿಗೆ ನಿಷೇಧ ಬಂದ ಮೇಲೆ ಲಂಟಾನದ ಪೊದೆ ಹೇರಳವಾಗಿ ಹಬ್ಬಿತೆಂದು ಸೋಲಿಗರು ಹೇಳುತ್ತಾರೆ. ಲಂಟಾನದ ಹಬ್ಬುವಿಕೆಯನ್ನು ಸಂಶೋಧಕರೂ ದಾಖಲಿಸಿದ್ದಾರೆ. ಒಣಗಿದ ಪೊದೆ ಸೇರುತ್ತಾ ಹೋದಂತೆ, ಒಮ್ಮೆ ಹತ್ತಿದ ಬೆಂಕಿ ನೆಲದ ಮೇಲೆ ಹರಿಯದೆ ಮರದ ತಲೆಗೇ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಈ ಪ್ರಶ್ನೆ ಮತ್ತೆ ಎದ್ದಿತು. ಹವಾಯಿಯ ಕಾಡಿಗೆ ಬೆಂಕಿ ವಿಷ. ಸೋಲಿಗರ ಒಣ ಕಾಡಿಗೆ ಅದು ಮಿತದಲ್ಲಿ ಮದ್ದು. ಯಾವ ಋತುವಿನಲ್ಲಿ, ಎಷ್ಟು, ಯಾರ ಕಣ್ಗಾವಲಿನಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೆಲವನ್ನು ಅರಿಯದೆ ಹೊರಡಿಸಿದ ಅಪ್ಪಣೆಯೂ, ನೆಲವನ್ನು ಮರೆತು ಗೀರಿದ ಬೆಂಕಿಕಡ್ಡಿಯೂ ಪರಿಣಾಮದಲ್ಲಿ ಬಹಳ ದೂರದವಲ್ಲ.

ಕುಂದಾಪುರದ ಸೀಮೆಯ ಬನಗಳು ಮಳೆನಾಡಿನ ಹಸಿಕಾಡಿನ ತುಣುಕುಗಳು. ಅವುಗಳಿಗೆ ಬೆಂಕಿ ಬೇಡ, ಬೇಕಾದುದು ಕತ್ತಿ. ಬನದೊಳಗೆ ಕತ್ತಿ ಮುಟ್ಟಿಸಬಾರದೆಂಬ ಕಟ್ಟಳೆ ಇರಲಿ. ಆದರೆ ಬನದ ಹೊರಗಿನ ನಾಲ್ಕು ಮಾರು ಜಾಗದ ಪೊದೆಯನ್ನು ಹೂವಾಗಿ ಬೀಜ ಹಾರುವ ಮೊದಲು, ದೀಪಾವಳಿ ಕಳೆದೊಡನೆ, ವರ್ಷಕ್ಕೊಮ್ಮೆ ಸವರಬೇಕು. ಹಾಗೆ ಸವರಿದ ಸೊಪ್ಪನ್ನು ಅಲ್ಲೇ ಸುಡದೆ ತೋಟದ ಬುಡಕ್ಕೆ ಹಾಕಬೇಕು. ಆ ತೆರವಿನಲ್ಲಿ ಬನದೊಳಗಿನ ಮರಗಳದೇ ಬೀಜ ಊರಿ ನೆರಳನ್ನು ಹೊರಕ್ಕೆ ಬೆಳೆಸಬೇಕು. ನೆರಳು ಮುಂದಕ್ಕೆ ಹೋದಷ್ಟು ಪೊದೆ ಹಿಂದಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ತನು ಹಾಕಲು, ಆಶ್ಲೇಷ ಬಲಿ ನಡೆಸಲು ಪರವೂರಿನಿಂದಲೂ ಕುಟುಂಬದವರೆಲ್ಲ ಮೂಲಬನಕ್ಕೆ ಬಂದು ಸೇರುವ ಪದ್ಧತಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಹಾಗೆ ಬಂದವರಲ್ಲಿ ನಾಲ್ಕು ಮಂದಿ ಅರ್ಧ ದಿನ ಕತ್ತಿ ಹಿಡಿದರೆ ಆಗುವ ಕೆಲಸ ಇದು.

ಹಿಂದೆ ಹೊಟ್ಟೆಪಾಡಿಗಾಗಿ, ಮನೆಯ ಮಾಡಿಗಾಗಿ, ಹಟ್ಟಿಯ ಗಂಟಿಗಾಗಿ ಮಾಡುತ್ತಿದ್ದ ಕೊಯ್ಲೇ ಬೆಂಕಿಯನ್ನು ಕಟ್ಟಿಹಾಕಿತ್ತು. ಆ ಅಗತ್ಯಗಳು ಹೋದವು. ಅವು ಮರಳಿ ಬರಲಾರವು, ಬರಬೇಕೆಂದು ಬಯಸುವುದೂ ಸರಿಯಲ್ಲ. ಅಗತ್ಯದಿಂದ ನಡೆಯುತ್ತಿದ್ದುದನ್ನು ಇನ್ನು ಮುಂದೆ ತಿಳಿವಳಿಕೆಯಿಂದ ನಡೆಸಬೇಕಾಗಿದೆ. ಬರುವ ಬೇಸಗೆಯಲ್ಲಿ ನಮ್ಮ ನಮ್ಮ ಊರಿನ ಬನದ ಅಂಚಿಗೆ ಹೋಗಿ, ಮರಗಳ ತಲೆಯನ್ನು ನೋಡುವ ಬದಲು ಬುಡವನ್ನು ನೋಡೋಣ. ಅಲ್ಲಿ ಸುರಗಿಯ ಸಸಿ ಎರಡೆಲೆ ಬಿಟ್ಟು ನಿಂತಿದೆಯೇ, ಕಮ್ಯುನಿಸ್ಟ್ ಗಿಡದ ಚಿಗುರು ನಿಂತಿದೆಯೇ ಎಂಬುದೊಂದೇ ನೋಡಬೇಕಾದ ಸಂಗತಿ. ಆ ಬನಕ್ಕೆ ಇನ್ನೆಷ್ಟು ಆಯುಷ್ಯವಿದೆಯೆಂಬುದು ಅದರಿಂದಲೇ ತಿಳಿಯುತ್ತದೆ.

(ಬಾನುಲಿ ಭಾಷಣ. ಕೃಪೆ: ಆಕಾಶವಾಣಿ)